ಅದು ಕಠಾರಿಯಲ್ಲ, ಕುರ್ಚಿಯ ಕೈ

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಫೋಟೊಗ್ರಾಫರ್ ಎಡ್ವರ್ಡ್ ಸ್ಟೈಕನ್ 1903ರಲ್ಲಿ ತೆಗೆದ ಬ್ಯಾಂಕರ್ ಜೆ.ಪಿ. ಮೋರ್ಗನ್ ಭಾವಚಿತ್ರ ಹಾಕಿದ್ದೀರಿ. ಆ ಸಾಹುಕಾರನ ಕೈಯಲ್ಲಿ ಹೊಳೆಯುವ ಕಠಾರಿಯೇ ಚಿತ್ರದ ಜೀವ. ಅಡಿಬರಹದಲ್ಲಿ ಅದರ ಸುದ್ದಿಯೇ ಇಲ್ಲವಲ್ಲ?
– ಒಬ್ಬ ಓದುಗ, ಧಾರವಾಡ

ಉತ್ತರ: ನಿಮ್ಮ ಕಣ್ಣು ಚುರುಕು, ಒಪ್ಪಿದೆ. ಆದರೆ ಅದು ಕಠಾರಿಯಲ್ಲ ಸ್ವಾಮಿ, ಬೆಳಕು ಬಿದ್ದು ಮಿಂಚಿದ ಕುರ್ಚಿಯ ಕೈ.

ಅವತ್ತು ನಡೆದದ್ದು ಕೇಳಿ. ಫೆಡರ್ ಎಂಕೆ ಎಂಬ ಚಿತ್ರಕಾರ ಮೋರ್ಗನ್‌ನ ಚಿತ್ರ ಬರೆಯುತ್ತಿದ್ದ. ಸಾಹುಕಾರನಿಗೋ ಕೂರುವ ಪುರುಸೊತ್ತಿಲ್ಲ. ನೋಡಿ ಬರೆಯಲಿಕ್ಕೆ ಒಂದು ಫೋಟೊ ಬೇಕಾಯಿತು. ಸ್ಟೈಕನ್ ಮೊದಲೇ ಕಟ್ಟಡದ ಜವಾನನನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಬೆಳಕು ಹೊಂದಿಸಿಟ್ಟ. ಮೋರ್ಗನ್ ಬಂದ, ಕೂತ. ಎರಡು ಗಾಜಿನ ಪ್ಲೇಟು (ಆಗಿನ ಫಿಲ್ಮು), ಮೂರು ನಿಮಿಷ, ಮುಗಿಯಿತು. ಮೊದಲನೆಯದು ಎಂಕೆಗೆ ಬೇಕಾದ ಭಂಗಿ. ಎರಡನೆಯದಕ್ಕೆ ತಲೆ ತುಸು ಹೊರಳಿಸಿ ಎಂದದ್ದೇ ತಡ, ಮೋರ್ಗನ್‌ಗೆ ರೇಗಿತು. ಆ ಮುಖ, ಆ ಹಿಡಿತ ಆ ರೇಗಿದ್ದರದು. ಆ ಎರಡನೆಯದರ ಪ್ರೂಫ್ (ಮಾದರಿ ಪ್ರಿಂಟು) ಹರಿದುಹಾಕಿದ ಅದೇ ಮನುಷ್ಯ ಮುಂದೆ ಅದರ ಒಂದು ಪ್ರಿಂಟಿಗೆ 5,000 ಡಾಲರ್ ಕೊಡುತ್ತೇನೆಂದ! ಕಠಾರಿಯೆಂಬುದು ನೋಡುವವರ ಕಲ್ಪನೆ ಎಂದು ಸ್ಟೈಕನ್ ತಾನೇ ಬರೆದಿದ್ದಾನೆ.

ಹಾಗಂತ ಸಂಕೇತವೇ ಸುಳ್ಳೆನ್ನಲಾರೆ. 1902ರಲ್ಲಿ ಶಿಲ್ಪಿ ರೋದ್ಯಾಂನನ್ನು ಅವನದೇ ಶಿಲ್ಪ, ಗಲ್ಲಕ್ಕೆ ಕೈ ಹಚ್ಚಿ ಕೂತ ‘ಚಿಂತಕ’ನಿಗೆ ಎದುರಾಗಿಸಲು ಇದೇ ಸ್ಟೈಕನ್ ಎರಡು ನೆಗೆಟಿವ್ ಬೆಸೆದ. ಅದು ಬೇಕೆಂದೇ ಕಟ್ಟಿದ್ದು. ಇರಲಿ.

ನನ್ನ ಮನಸ್ಸು ಹೋಗುವುದು ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಎಂಬ ಫೋಟೊಗ್ರಾಫರ್ 1919ರಲ್ಲಿ ತೆಗೆದ ಚಿತ್ರಕಾರ್ತಿ ಜಾರ್ಜಿಯಾ ಓಕೀಫ್ ಕೈಗಳ ಕಡೆಗೆ. ಹೊಲಿಯುವ ಕೈ, ಸೂಜಿ ಚುಚ್ಚದಂತೆ ಬೆರಳ ತುದಿಗೊಂದು ಲೋಹದ ಟೋಪಿ. ಸ್ಟೀಗ್ಲಿಟ್ಸ್ ಬಳಸುತ್ತಿದ್ದ ನಿಧಾನದ ಗಾಜಿನ ಪ್ಲೇಟಿಗೆ ಮೂರು-ನಾಲ್ಕು ನಿಮಿಷ ಅಲುಗದೆ ಇರಬೇಕಿತ್ತಂತೆ. ಕಣ್ಣು ಮಿಟುಕುತ್ತದೆ, ಕಿವಿ ತುರಿಸುತ್ತದೆ, ತೋಳು ಸೋಲುತ್ತದೆ ಎಂದು ಆಕೆಯೇ 1978ರಲ್ಲಿ ನೆನೆದಿದ್ದಾಳೆ. ನಾವು ‘ಧ್ಯಾನಮುದ್ರೆ’ ಎಂದು ಬರೆದು ಕೈತೊಳೆದುಕೊಳ್ಳುವ ಚಿತ್ರದೊಳಗೆ ಈ ತುರಿಕೆಯೂ ಇದೆ. ಅದನ್ನು ಬರೆಯುವ ವಿಮರ್ಶಕರೆಲ್ಲಿ?

ನಮ್ಮಲ್ಲಂತೂ ಕೇಳಬೇಡಿ. ಲೇಖಕರೇ, ಒಂದು ಫೋಟೊ ಕಳಿಸಿ ಎಂದರೆ ಬರುವುದು ಗಲ್ಲಕ್ಕೆ ಕೈ ಹಚ್ಚಿದ್ದೇ. ಕವಿಗೋಷ್ಠಿಯ ಫ್ಲೆಕ್ಸ್ ನೋಡಿ: ಹಲ್ಲಿನ ಡಾಕ್ಟರ ಬಾಗಿಲಲ್ಲಿ ಪಾಳಿ ಕಾಯುವವರ ಹಾಗೆ ಸಾಲಾಗಿ ಕೂತಿರುತ್ತಾರೆ. ಚಿಂತನೆಗೊಂದು ಸಂಕೇತ ಸಿಕ್ಕಮೇಲೆ ಚಿಂತಿಸುವ ತಾಪತ್ರಯ ಯಾಕೆ?

ಪತ್ರದ ಜೊತೆ ನೀವು ಕಳಿಸಿದ ಕವಿತೆ ಸ್ವೀಕೃತವಾಗಿದೆ. ಫೋಟೊ ಮಾತ್ರ ಬೇರೆ ಕಳಿಸಿ, ಕೈ ಕೆಳಗಿಳಿಸಿ.