ಕೊರಿಯಾ ಯುದ್ಧ ನಿಂತು 70 ವರ್ಷ ದಾಟಿದರೂ ಅಮೆರಿಕದ ಸೈನಿಕರು ದಕ್ಷಿಣ ಕೊರಿಯಾದಲ್ಲಿ ಇನ್ನೂ ಏಕಿದ್ದಾರೆ?

ಕಾಗದದ ಮೇಲೆ ಆ ಯುದ್ಧ ಇನ್ನೂ ಮುಗಿದೇ ಇಲ್ಲ, ಅದಕ್ಕೆ. 1953ರ ಜುಲೈ 27ರಂದು ಆದದ್ದು ಕದನವಿರಾಮ ಮಾತ್ರ. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕ ಮತ್ತು ದಕ್ಷಿಣ ಕೊರಿಯಾ ಪರಸ್ಪರ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದವು. ಸೈನ್ಯ ಅಲ್ಲಿರುವುದು ಅದರ ಆಧಾರದ ಮೇಲೆ.

ಈಗಿರುವವರು ಸುಮಾರು 28,500 ಮಂದಿ. ಉತ್ತರ ಕೊರಿಯಾದ ಹತ್ತು ಲಕ್ಷ ಮೀರಿದ ಸೇನೆಯ ಎದುರು ಇದೇನು ಮಹಾ ಎನ್ನಬಹುದು. ಆದರೆ ಕಾದಾಡುವುದಕ್ಕಿಂತ, ಸುಮ್ಮನೆ ಅಲ್ಲಿರುವುದೇ ಅವರ ದೊಡ್ಡ ಕೆಲಸ. ದಕ್ಷಿಣದ ರಾಜಧಾನಿ ಸೋಲ್ ಗಡಿಯಿಂದ ಸುಮಾರು 50 ಕಿ.ಮೀ. ಅಷ್ಟೇ. ಉತ್ತರದವರು ನುಗ್ಗಿದರೆ ಮೊದಲ ದಿನವೇ ಅಮೆರಿಕನ್ನರೂ ಸಾಯಬಹುದು. ಆಮೇಲೆ ವಾಷಿಂಗ್ಟನ್ 'ನಮಗೇಕೆ ಊರ ಉಸಾಬರಿ' ಎಂದು ಕೂರಲಾಗದು. ಈ ಲೆಕ್ಕ ಉತ್ತರದ ರಾಜಧಾನಿ ಪ್ಯೊಂಗ್ಯಾಂಗ್‌ಗೂ ಗೊತ್ತು.

ಅಂದಹಾಗೆ, ಖರ್ಚಿನ ಒಂದು ಪಾಲನ್ನು ದಕ್ಷಿಣ ಕೊರಿಯಾವೇ ಕೊಡುತ್ತದೆ.