ಇಟಾಲಿಯನ್ ಕಲಿತ್ರೆ ಫ್ರೆಂಚ್, ಸ್ಪ್ಯಾನಿಶ್ ತಾನಾಗೇ ಬರುತ್ತಾ?

ತಮ್ಮ, ಇಟಲಿಯ ಟುರಿನ್ ಪಾಲಿಟೆಕ್ನಿಕೊದಲ್ಲಿ (ಇಲ್ಲಿನ ಇಂಜಿನಿಯರಿಂಗ್ ಯೂನಿವರ್ಸಿಟಿ) ಸೀಟ್ ಸಿಕ್ಕಿದ್ದು ಕೇಳಿ ಖುಷಿ ಆಯ್ತು. ರೂಮು, ಪೇಪರ್ಸು, ಆಮೇಲೆ ಇಟಾಲಿಯನ್ ಒಂದು ಬಂದ್ರೆ ಪಕ್ಕದ ಭಾಷೆಗಳೂ ಬರುತ್ವಾ ಅಂತ ಕೇಳಿದೀಯ. ರೂಮು ಕಷ್ಟ, ಈಗ್ಲೇ ಹುಡುಕು. ಇಳಿದ 8 ವರ್ಕಿಂಗ್ ಡೇಸ್ ಒಳಗೆ ಪೋಸ್ಟ್ ಆಫೀಸಲ್ಲಿ ಪೆರ್ಮೆಸ್ಸೊ, ಅಂದ್ರೆ ಇಲ್ಲಿ ಇರೋಕೆ ಬೇಕಾದ ಪರ್ಮಿಟ್ಟಿನ ಅರ್ಜಿ ಹಾಕ್ಬಿಡು, ಮರೀಬೇಡ.

ಭಾಷೆ ವಿಷಯ ಕೇಳು. ನಾನು ಬಂದ ಹೊಸದ್ರಲ್ಲಿ ಎಲ್ಲಿ ನೋಡಿದ್ರೂ 'ಅಮಾರೊ', ಕೋಕೊ ಡಬ್ಬಿ ಮೇಲೆ ಅದೇ, ಸಕ್ಕರೆ ಹಾಕದ ಕಾಫಿಗೂ ಅದೇ, ಊಟ ಆದ್ಮೇಲೆ ಕುಡಿಯೋ ಬೇರು ಸೊಪ್ಪಿನ ಮದ್ಯದ ಹೆಸ್ರೂ ಅದೇ. ಕಹಿ ಅಂತ ಅರ್ಥ, ಈ ಭಾಷೆಗಳಿಗೆಲ್ಲ ತಾಯಿಯಾದ ಲ್ಯಾಟಿನ್ನಿನ 'ಅಮಾರುಸ್'ನಿಂದ ಬಂದಿದ್ದು. ಇಲ್ಲಿ ಹೊರಗಿಂದ ಬಂದೋರಲ್ಲಿ ರೊಮೇನಿಯಾದೋರೇ ಜಾಸ್ತಿ, ಅವ್ರು 'ಅಮರ್' ಅಂತಾರೆ, ಫ್ರೆಂಚಲ್ಲಿ 'ಅಮೇರ್', ಸ್ಪ್ಯಾನಿಶಲ್ಲಿ 'ಅಮಾರ್ಗೊ', ಆ 'ಗೊ' ಬಂದಿದ್ದು ಆಮೇಲೆ ಹುಟ್ಟಿದ 'ಅಮಾರಿಕಾರೆ' ಅನ್ನೋ ಲ್ಯಾಟಿನ್ ಕ್ರಿಯಾಪದದಿಂದ. ಕಹಿತನಕ್ಕೆ ಲ್ಯಾಟಿನಲ್ಲಿ 'ಅಮಾರಿಟೂಡೊ', ನಾಲಿಗೆದೂ ಹೌದು ಮನಸ್ಸಿಂದೂ ಹೌದು. ಫ್ರೆಂಚರ ಬಾಯಲ್ಲಿ ಅದು ಸವೆದು 'ಅಮೆರ್ಟ್ಯೂಮ್' ಆಯ್ತು, ಇಟಲೀಲಿ 'ಅಮಾರಿಟೂಡಿನೆ' ಹಳೇ ಪುಸ್ತಕ ಸೇರ್ಕೊಂಡು ಮಾತಲ್ಲಿ 'ಅಮಾರೆಟ್ಸಾ' ನಿಂತಿದೆ, ಸ್ಪೇನಿನೋರಿಗೆ 'ಅಮಾರ್ಗೂರಾ'. ನಾವು ತೆಲುಗು ಬೋರ್ಡ್ ಓದ್ಕೊಂಡು ಅರ್ಧ ಅರ್ಥ ಮಾಡ್ಕೊಳ್ಳಲ್ವಾ, ಹಂಗೆ ಓದೋಕೆ ಬರುತ್ತೆ. ಬಾಯಿ ಬಿಟ್ರೆ ಗೊತ್ತಾಗುತ್ತೆ ಎಷ್ಟು ಬರುತ್ತೆ ಅಂತ.

ಮೊದ್ಲು ಇಟಾಲಿಯನ್ನೇ ನೆಟ್ಟಗೆ ಕಲಿ. ನಮ್ಮ ಕೆಳಗಿನ ಮನೇಲಿ ದಕ್ಷಿಣ ಇಟಲಿಯ ಕಲಾಬ್ರಿಯಾ ಕಡೆಯ ಅಜ್ಜ ಒಬ್ರಿದ್ರು, 1960ರ ದಶಕದಲ್ಲಿ ಫಿಯೆಟ್ ಕೆಲ್ಸಕ್ಕೆ ದಕ್ಷಿಣದಿಂದ ಜನ ರೈಲು ತುಂಬಾ ಬರ್ತಿದ್ದಾಗ ಬಂದೋರು. ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ನಿಲ್ಲಿಸಿ ಏನೇನೋ ಹೇಳೋರು, ನಂಗೆ ಮಧ್ಯೆ ಮಧ್ಯೆ 'ಅಮಾರೆಟ್ಸಾ' ಅನ್ನೋದೊಂದು ಕಿವಿಗೆ ಬೀಳೋದು, ಆಫೀಸಲ್ಲಿ ಇಂಗ್ಲಿಷಲ್ಲೇ ನಡೀತಿತ್ತಲ್ಲ, ಸೀ ಸೀ, ಹೌದು ಹೌದು ಅಂತ ತಲೆ ಆಡಿಸ್ಕೊಂಡು ಮೇಲೆ ಹೋಗ್ತಿದ್ದೆ. ಮಾತು ಬರೋ ಹೊತ್ತಿಗೆ ಅವ್ರು ಇರ್ಲಿಲ್ಲ. ದಕ್ಷಿಣದೋರಿಗೆ ಮನೆ ಬಾಡಿಗೆಗಿಲ್ಲ ಅಂತ ಆಗ ಇದೇ ಊರಲ್ಲಿ ಬೋರ್ಡ್ ಹಾಕ್ತಿದ್ರಂತೆ, ಅದನ್ನ ಅವ್ರ ಮಗಳು ಹೇಳಿ ನಂಗೆ ಗೊತ್ತಾಗಿದ್ದು. ಪರದೇಶಿ ಪಾಡು ಪರದೇಶಿ ಹತ್ರ ಹೇಳ್ಕೋಬೇಕು ಅಂತ ಪಾಪ ನನ್ನ ನಿಲ್ಲಿಸ್ತಿದ್ರೇನೋ. ಈಗ್ಲೂ ಹೊಟ್ಟೆ ಉರಿಯುತ್ತೆ.

ಊಟದ ಚಿಂತೆ ಬೇಡ. ಪೋರ್ತಾ ಪಲಾತ್ಸೊ ಮಾರ್ಕೆಟ್ ಸುತ್ತ ಬಾಂಗ್ಲಾದೇಶದೋರ ಅಂಗಡೀಲಿ ಹಾಗಲಕಾಯಿ ಸಿಗುತ್ತೆ, ಗೊಜ್ಜಿಗೆ ಬೆಲ್ಲ ಮಾತ್ರ ಊರಿಂದ್ಲೇ ತಾ. ಬೇವಿನ ಸೊಪ್ಪು ನಾನೆಲ್ಲೂ ಕಂಡಿಲ್ಲ, ಯುಗಾದಿಗೆ ನಾವು ಬೆಲ್ಲದ ಜೊತೆ ರಾಡಿಕ್ಕಿಯೊ ಅನ್ನೋ ಇಲ್ಲಿನ ಕಹಿ ಎಲೆ ತಿಂತೀವಿ, ಅಮ್ಮಂಗೆ ಹೇಳಿಲ್ಲ, ಬೈತಾರೆ.