ಕಷಾಯದಲ್ಲಿ ಬಿಸಿ ಎಲ್ಲಿದೆ?

ಶಿರಸಿ ಕಡೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ‘ಕಾಸಿದ್ದೇ ಕಷಾಯ, ಅದು ನಮ್ಮ “ಕಾಸು” ಎಂಬ ಮಾತಿನಿಂದಲೇ ಬಂದದ್ದು ಎಂದು ನನ್ನ ವಾದ. ಕಾರವಾರದ ಗೆಳತಿ ಅದಕ್ಕೆ ಕಾಢೊ ಅನ್ನುತ್ತಾಳೆ. ಎರಡೂ ಒಂದೇ ಮೂಲದವೇ? ಇನ್ನೊಂದು, ಆಸ್ರಿಗೆ, ಅಂದರೆ ಬಾಯಾರಿಕೆಗೆ ಕುಡಿಯಲು, ಮಾಡುವ ಕಷಾಯದಲ್ಲಿ ಹಾಲು ಒಡೆಯುವುದು ಯಾಕೆ?’

ಕಾಸು ಅಚ್ಚಗನ್ನಡ. ಕಾಯ್ ಅಂದರೆ ಬಿಸಿಯಾಗು. ಕಾಸು ಅಂದರೆ ಬಿಸಿ ಮಾಡು. ಕಾವು ಅದರದ್ದೇ ಕೂಸು. ತಮಿಳರು ಜ್ವರಕ್ಕೆ ಕಾಯ್ಚಲ್ ಅನ್ನುವುದೂ ಇದೇ ಕಾಯ್‌ನಿಂದ. ಕಷಾಯ ಈ ಮನೆತನದ್ದಲ್ಲ. ಅದು ಸಂಸ್ಕೃತದ್ದು, ಮತ್ತು ನಿಮಗೆ ಬೇಸರವಾಗಬಹುದು, ಅದರ ಹಳೆಯ ಅರ್ಥಗಳಲ್ಲಿ ಬಿಸಿಯ ಸುಳಿವೇ ಇಲ್ಲ. ಅದು ಒಂದು ರುಚಿಯ ಹೆಸರು, ಒಂದು ಬಣ್ಣದ ಹೆಸರು. ಆರು ರಸಗಳಲ್ಲಿ ಒಗರಿಗೆ ಕಷಾಯ ಎನ್ನುತ್ತಾರೆ. ಕಂದುಗೆಂಪಿಗೂ ಅದೇ ಹೆಸರು. ಸನ್ಯಾಸಿಗಳ ಕಾವಿಬಟ್ಟೆ ‘ಕಾಷಾಯ’ವಾದದ್ದು ಹೀಗೆ. ಕಲೆ, ಕೊಳೆ ಎಂಬ ಅರ್ಥವೂ ಹಳೆಯದೇ: ಛಾಂದೋಗ್ಯ ಉಪನಿಷತ್ತಿನಲ್ಲಿ ಸನತ್ಕುಮಾರ ಋಷಿ ಕತ್ತಲೆಯ ಆಚೆದಡ ತೋರಿಸುವುದು ‘ಮೃದಿತಕಷಾಯ’ನಾದ, ಅಂದರೆ ಕಲೆ ತೊಳೆದುಹೋದ ನಾರದನಿಗೆ. ಜೈನರಲ್ಲಿ ಕ್ರೋಧ, ಮಾನ, ಮಾಯೆ, ಲೋಭ ಇವು ನಾಲ್ಕು ಕಷಾಯಗಳು. ಆಲದ ತೊಗಟೆಯ ಒಗರು ಬಟ್ಟೆಗೆ ಬಣ್ಣ ಕಚ್ಚಿಸುವಂತೆ ಇವು ಜೀವಕ್ಕೆ ಕರ್ಮವನ್ನು ಅಂಟಿಸುತ್ತವೆ ಎಂಬುದು ಅವರ ವಿವರಣೆ. ನಿಮ್ಮ ಸೋಂದೆಯಲ್ಲಿ ವಾದಿರಾಜಮಠ, ಸ್ವರ್ಣವಲ್ಲಿ, ಜೈನಮಠ ಮೂರೂ ಇವೆ. ಒಂದೇ ಊರಿನಲ್ಲಿ ಒಂದು ಕಷಾಯವನ್ನು ಉಡುತ್ತಾರೆ, ಇನ್ನೊಂದನ್ನು ಕಳೆದುಕೊಳ್ಳಲು ನೋಡುತ್ತಾರೆ, ಮೂರನೆಯದನ್ನು ಎಲ್ಲ ಮನೆಗಳಲ್ಲೂ ಕುಡಿಯುತ್ತಾರೆ.

ರುಚಿಗೂ ಬಣ್ಣಕ್ಕೂ ಒಂದೇ ಹೆಸರು ಯಾಕೆ ಎಂದು ತಿಳಿಯಲು ನಿಘಂಟು ಬೇಡ, ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಹೋದರೆ ಸಾಕು. ಸುಲಿದ ಹಸಿ ಅಡಿಕೆ ಬೆಂದ ಮೇಲೆ ಹಂಡೆಯಲ್ಲಿ ಉಳಿಯುವ ನೀರು ಚೊಗರು. ಅದೇ ನೀರಿನಲ್ಲಿ ಮತ್ತೆ ಮತ್ತೆ ಬೇಯಿಸಿದಷ್ಟೂ ಚೊಗರು ದಪ್ಪವಾಗಿ ಕಡುಗೆಂಪಾಗುತ್ತದೆ. ಕೆಂಪಡಿಕೆಯ ಬಣ್ಣ ಅದರದ್ದೇ. ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿದರೆ ಬಾಯಿ ಜುಮ್ಮೆಂದು ಹಿಡಿದುಕೊಳ್ಳುತ್ತದೆ, ಪಂಚೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಎರಡಕ್ಕೂ ಕಾರಣ ಟ್ಯಾನಿನ್ ಎಂಬ ಒಗರು ಪದಾರ್ಥ. ಜೊಲ್ಲಿನ ಪ್ರೋಟೀನನ್ನು ಅದು ಕಟ್ಟಿಹಾಕುವುದರಿಂದ ಬಾಯಿ ಒಣಗಿದಂತಾಗುತ್ತದೆ. ನೂಲಿಗೆ ಕಚ್ಚಿಕೊಂಡರೆ ಬಣ್ಣ ನಿಲ್ಲುತ್ತದೆ. ದ್ರಾವಿಡ ಭಾಷೆಗಳೂ ಇದನ್ನು ಗಮನಿಸಿವೆ: ಕನ್ನಡದ ತೊಗರು, ತಮಿಳಿನ ತುವರ್ ಎರಡಕ್ಕೂ ಕೆಂಪು, ಒಗರು ಎಂಬ ಜೋಡಿ ಅರ್ಥಗಳಿವೆ. ತಮಿಳಿನಲ್ಲಿ ತುವರಾಡೈ ಅಂದರೆ ಸನ್ಯಾಸಿಯ ಕಾವಿಬಟ್ಟೆ.

ತೊಗಟೆ, ಬೇರು, ಕಾಯಿ ನೀರಿಗಿಳಿದರೆ ನೀರು ಒಗರೂ ಕಂದೂ ಆಗುವುದರಿಂದ, ಆ ನೀರೇ ಕಷಾಯವಾಯಿತು ಎಂದುಕೊಂಡರೆ ತಪ್ಪಾಗದು. ಆದರೆ ವೈದ್ಯರು ಅದನ್ನು ಒಲೆಗೆ ಕಟ್ಟಿಹಾಕಲಿಲ್ಲ. ಆಯುರ್ವೇದದಲ್ಲಿ ಕಷಾಯ ಐದು ಬಗೆ: ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ. ಹಿಂಡಿದ ರಸ, ಅರೆದ ಮುದ್ದೆ ಕೂಡ ಲೆಕ್ಕಕ್ಕಿವೆ. ಕ್ವಾಥಕ್ಕೆ ಒಂದು ಪಾಲು ಮದ್ದಿಗೆ 16 ಪಾಲು ನೀರು ಹಾಕಿ ಎಂಟನೇ ಒಂದಕ್ಕೆ ಇಳಿಸಬೇಕು. ಹಿಮಕ್ಕೆ 6 ಪಾಲು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಬೇಕು, ಒಲೆಯ ಮಾತೇ ಇಲ್ಲ. ಫಾಂಟಕ್ಕೆ ಪುಡಿಯ ಮೇಲೆ 4 ಪಾಲು ಬಿಸಿನೀರು ಸುರಿದು ಸೋಸಿದರಾಯಿತು.

ನಿಮ್ಮ ಆಸ್ರಿಯ ಕಷಾಯ ಫಾಂಟಕ್ಕೇ ಹತ್ತಿರ, ಮತ್ತು ಹಾಗಿರುವುದೇ ಸರಿ. ಬೇರು ತೊಗಟೆಗಳಿಗೆ ದೀರ್ಘ ಕುದಿ ಬೇಕು. ಕೊತ್ತಂಬರಿ ಜೀರಿಗೆಯ ಪರಿಮಳ ಹಾರಿಹೋಗುವ ಎಣ್ಣೆಯಲ್ಲಿದೆ, ಹತ್ತು ನಿಮಿಷ ಕುದಿಸಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ, ಲೋಟದಲ್ಲಿ ಏನೂ ಉಳಿಯುವುದಿಲ್ಲ. ಪುಡಿಗೆ ಕೊತ್ತಂಬರಿ 100 ಗ್ರಾಂ, ಜೀರಿಗೆ 50, ಕಾಳುಮೆಣಸು 10, ಮೆಂತ್ಯ 5 ಗ್ರಾಂ, ನಾಲ್ಕು ಏಲಕ್ಕಿ. ಮೆಂತ್ಯವನ್ನು ಬೇರೆಯೇ ಹುರಿಯಿರಿ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಹಾಕಿದರೆ ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಅದು ಕರಿಕಾಗಿ ಪುಡಿಯೆಲ್ಲ ಕಹಿ. ಒಂದು ಲೋಟಕ್ಕೆ 150 ಮಿಲಿ ನೀರು, ಒಂದು ಚಮಚ ಪುಡಿ, ಬೆಲ್ಲ. ಎರಡು ಮೂರು ನಿಮಿಷದ ಕುದಿ. (ಕೆಲವರು ಚಿಟಿಕೆ ಉಪ್ಪು ಹಾಕುತ್ತಾರೆ. ಕಷಾಯಕ್ಕೆ ಆಗಿಬರುವ ರಸಗಳ ಪಟ್ಟಿಯಿಂದ ಚರಕ ಕೈಬಿಟ್ಟದ್ದು ಉಪ್ಪೊಂದನ್ನೇ.)

ಹಾಲು ಒಡೆಯುವುದು ಬೆಲ್ಲದ ಹುಳಿಯಿಂದ. ಜೋನಿಬೆಲ್ಲ (ನೀರುಬೆಲ್ಲ) ಹಳತಾಗಿ ನೊರೆಗಟ್ಟಿದ್ದರೆ ಹುಳಿ ಇನ್ನೂ ಹೆಚ್ಚು. ಹುಳಿಯೂ ಕುದಿಯೂ ಒಟ್ಟಿಗೆ ಸೇರಿದಾಗ ಹಾಲು ತಡೆಯುವುದಿಲ್ಲ. ಬೆಲ್ಲದ ನೀರನ್ನು ಕುದಿಸಿ, ಇಳಿಸಿ, ಸೋಸಿ, ಒಂದು ನಿಮಿಷ ಬಿಟ್ಟು, ಬೇರೆ ಪಾತ್ರೆಯಲ್ಲಿ ಕಾಸಿಟ್ಟ 50 ಮಿಲಿ ಹಾಲು ಬೆರೆಸಿ. ಮತ್ತೆ ಒಲೆಗೆ ಇಡಬೇಡಿ. ಆರಿದ ಕಷಾಯವನ್ನು ಬಿಸಿ ಮಾಡಹೋಗಿ ಒಡೆಸಿಕೊಳ್ಳುವವರೇ ಹೆಚ್ಚು.

ಇನ್ನು ಕಾಢೊ. ನಿಮ್ಮ ಗೆಳತಿಯ ಮಾತಿನಲ್ಲಿ ಬಿಸಿ ಇದೆ. ಸಂಸ್ಕೃತದ ಕ್ವಥ್ ಅಂದರೆ ಕುದಿಸು. ಅದು ಪ್ರಾಕೃತದಲ್ಲಿ ಕಢ್ ಆಗಿ ಕೊಂಕಣಿ, ಮರಾಠಿಗಳಿಗೆ ಬಂತು. ಹಾಗಾಗಿ ಕಷಾಯಕ್ಕೂ ಕಾಢೊಗೂ ನೆಂಟಸ್ತನವಿಲ್ಲ, ಲೋಟದಲ್ಲಿ ಸೇರಿಕೊಂಡಿವೆ ಅಷ್ಟೆ. ತಮಾಷೆ ಏನೆಂದರೆ, ಅದೇ ಕುದಿಯುವ ಮೂಲದಿಂದ ಬಂದ ಇನ್ನೊಂದು ಶಬ್ದ ಕಢಿ. ಕಾರವಾರದ ಸೋಲ್‌ಕಢಿಯನ್ನು ಮಾತ್ರ ಯಾರೂ ಕುದಿಸುವುದಿಲ್ಲ: ಮುರುಗಲ (ಕೋಕಂ) ಸಿಪ್ಪೆ ನೀರಿನಲ್ಲಿ ನೆನೆಯುತ್ತದೆ, ಹಿಂಡಿದ ಕೆಂಪು ರಸಕ್ಕೆ ತೆಂಗಿನ ಹಾಲು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು. ಒಲೆಗಿಟ್ಟರೆ ತೆಂಗಿನ ಹಾಲು ಒಡೆದು ಎಣ್ಣೆ ಬಿಡುತ್ತದೆ.